ಬ್ಯಾಡಗಿ ದಲಾಲಿ ಅಂಗಡಿಯ ಆಕ್ಸೆಸ್ 97 ಲೆಕ್ಕ: ಹೊಸದಕ್ಕೆ ಬದಲಿಸಬೇಕಾ, ಹಾಗೇ ಬಿಡಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಬ್ಯಾಡಗಿಯಲ್ಲಿ ನಿಮ್ಮ ತಂದೆಯವರ ಮೆಣಸಿನಕಾಯಿ ದಲಾಲಿ ಅಂಗಡಿ ಇದೆ. ರೈತರ ಖಾತೆ, ಚೀಲ, ತೂಕ, ಹಮಾಲಿ, ಪಟ್ಟಿ (ರೈತರಿಗೆ ಕೊಡುವ ಮಾರಾಟದ ಬಿಲ್ಲು) ಎಲ್ಲವೂ ಮೈಕ್ರೋಸಾಫ್ಟ್‌ನ ಹಳೆ ಡೇಟಾಬೇಸ್ ತಂತ್ರಾಂಶ ಆಕ್ಸೆಸ್ 97ರಲ್ಲಿದೆ. ಕಂಪ್ಯೂಟರ್ ವಿಂಡೋಸ್ ಎಕ್ಸ್‌ಪಿಯದ್ದು. ಮಾಡಿಕೊಟ್ಟವರು ಈಗ ಸಿಗುವುದಿಲ್ಲ. ‘ಛಲೋ ನಡದೈತಿ, ಯಾಕ ಮುಟ್ಟಬೇಕು?’ ಅಂತ ತಂದೆಯವರು ಕೇಳುತ್ತಾರೆ. ನಿಮಗೆ ಬದಲಿಸುವ ಆಸೆ.

ಬದಲಿಸಿ. ಆದರೆ ಸೀಸನ್ ನಡುವೆ ಕೈ ಹಾಕಬೇಡಿ. ಮಾಲಿನ ಆವಕ ಕಡಿಮೆಯಾದ ಮೇಲೆ, ಮಳೆಗಾಲದಲ್ಲಿ ಮಾಡಿ. ಆಗ ಪಟ್ಟಿ ಬರೆಯುವ ಗಡಿಬಿಡಿ ಇರುವುದಿಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ ಉಳಿದ ಚೀಲಗಳ ಲೆಕ್ಕ ಮಾತ್ರ ಜೋಪಾನವಾಗಿ ಮುಂದಕ್ಕೆ ತರಬೇಕಾಗುತ್ತದೆ.

ನಾನು ಹುಬ್ಬಳ್ಳಿಯಲ್ಲಿ ಇಂಥ ಸಣ್ಣ ಡೇಟಾಬೇಸ್‌ಗಳ ಕೆಲಸವನ್ನೇ ಮಾಡುತ್ತೇನೆ. ಅಮರಗೋಳ ಮಾರುಕಟ್ಟೆಯ ಅಂಗಡಿಗಳವರೂ ನಿಮ್ಮ ತಂದೆಯವರ ಮಾತನ್ನೇ ಹೇಳುತ್ತಾರೆ. ಆ ಮಾತಿನಲ್ಲಿ ನ್ಯಾಯವಿದೆ. ಅಷ್ಟು ವರ್ಷ ತಪ್ಪಿಲ್ಲದೆ ಪಟ್ಟಿ ಕೊಟ್ಟ ವ್ಯವಸ್ಥೆಯನ್ನು ಸುಮ್ನೆ ಫ್ಯಾಶನ್‌ಗೆ ಬದಲಿಸಬಾರದು. ಇಂಟರ್ನೆಟ್ ಇಲ್ಲದ ಕಂಪ್ಯೂಟರ್ ಆದರೆ ವೈರಸ್ ಭಯವೂ ಕಡಿಮೆ. ನನಗೆ ಇರುವ ಭಯ ಬೇರೆ. ಆಕ್ಸೆಸ್ 2013 ಮತ್ತು ಅದರ ನಂತರದವು 97ರ ಫೈಲನ್ನು ತೆರೆಯುವುದೇ ಇಲ್ಲ. 2007 ಅಥವಾ 2010 ಇದ್ದರೆ ಅದರಲ್ಲಿ ತೆರೆದು ಹೊಸ ಬಗೆಗೆ ಬದಲಿಸಬಹುದು. ಆ ಹಳೆ ಪ್ರತಿಗಳು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿವೆ. ಹಳೆ ಕಂಪ್ಯೂಟರ್ ಇನ್ನೂ ನಡೆಯುತ್ತಿರುವಾಗಲೇ ಮಾಡಿದರೆ ಸಣ್ಣ ಕೆಲಸ, ಕೆಟ್ಟ ಮೇಲೆ ದೊಡ್ಡ ತಲೆನೋವು.

ಇನ್ನೊಂದು ಕಾರಣವೂ ಇದೆ. ಆಕ್ಸೆಸ್ 97ರಲ್ಲಿ ವರ್ಷವನ್ನು ಎರಡೇ ಅಂಕೆಯಲ್ಲಿ ಹೊಡೆದರೆ ಸಾಮಾನ್ಯವಾಗಿ 29ರ ತನಕ 2029 ಅಂತ ಹಿಡಿಯುತ್ತದೆ, 30 ಹೊಡೆದರೆ 1930 ಅನ್ನುತ್ತದೆ. ಬಡ್ಡಿ ಲೆಕ್ಕ ಹಾಕುವ ಅಂಗಡಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಮೊದಲು ಫೈಲಿನ ಹೆಸರಿನ ಕೊನೆ ನೋಡಿ. ‘ಎಂಡಿಬಿ’ ಅಂತಿದ್ದರೆ ಒಳ್ಳೆಯದು. ‘ಎಂಡಿಇ’ ಅಂತಿದ್ದರೆ ಮಾಡಿದವರು ಕೋಡಿಗೆ ಬೀಗ ಹಾಕಿದ್ದಾರೆ. ಅದರ ಫಾರ್ಮ್, ರಿಪೋರ್ಟ್‌ಗಳನ್ನು ಹೊಸದಕ್ಕೆ ತರಲು ಮೂಲ ಎಂಡಿಬಿಯೇ ಬೇಕು. ಸಿಗದಿದ್ದರೆ ಆಕ್ಸೆಸ್ 97ರಲ್ಲೇ ಖಾಲಿ ಡೇಟಾಬೇಸ್ ಮಾಡಿ, ಟೇಬಲ್‌ಗಳನ್ನಷ್ಟೇ ಅದಕ್ಕೆ ಇಂಪೋರ್ಟ್ ಮಾಡಿಕೊಳ್ಳಿ. ಲೆಕ್ಕ ಉಳಿಯುತ್ತದೆ, ಪರದೆಗಳನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ತೆರೆಯುವಾಗ ಬಳಕೆದಾರರ ಹೆಸರು, ಪಾಸ್‌ವರ್ಡ್ ಎರಡೂ ಕೇಳಿದರೆ ಆ ಹೆಸರು, ಪಾಸ್‌ವರ್ಡ್‌ಗಳಿರುವ ‘ಎಂಡಿಡಬ್ಲ್ಯೂ’ ಫೈಲೂ ಬೇಕು. ಅದನ್ನೂ ನಕಲು ಮಾಡಿಡಿ. ಹೊಸ ಆಕ್ಸೆಸ್‌ನ ‘ಎಸಿಸಿಡಿಬಿ’ ಬಗೆಯ ಫೈಲಿನಲ್ಲಿ ಆ ತರಹದ ಬಳಕೆದಾರರ ಭದ್ರತೆ ಇಲ್ಲ, ಹಾಗಾಗಿ ಯಾರು ಏನು ತಿದ್ದಬಹುದು ಅನ್ನುವುದನ್ನು ಬೇರೆ ರೀತಿಯಲ್ಲಿ ಯೋಚಿಸಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ, ನಿಮ್ಮ ಕನ್ನಡ. ಆಕ್ಸೆಸ್ 97ಕ್ಕೆ ಯೂನಿಕೋಡ್ (ಎಲ್ಲ ಕಂಪ್ಯೂಟರ್, ಫೋನುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಗೊತ್ತಿಲ್ಲ, ಅದು ಬಂದದ್ದು ಆಕ್ಸೆಸ್ 2000ದಲ್ಲಿ. ಅಂದರೆ ರೈತರ ಹೆಸರು, ಊರು ಎಲ್ಲವೂ ನುಡಿ ಅಥವಾ ಬರಹದ ಫಾಂಟ್ ಕೋಡಿನಲ್ಲಿವೆ. ಪರದೆಯ ಮೇಲೆ ಕನ್ನಡ, ಒಳಗೆ ಇಂಗ್ಲಿಷ್ ಚಿಹ್ನೆಗಳು. ಫೈಲು ಹೊಸ ಆಕ್ಸೆಸ್‌ಗೆ ಬಂದರೂ ಇದು ತಾನಾಗಿ ಸರಿಹೋಗುವುದಿಲ್ಲ. ಫಾಂಟ್ ಇರುವ ತನಕ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದೇ ಹೆಸರನ್ನು ವಾಟ್ಸಾಪ್‌ನಲ್ಲಿ ರೈತರಿಗೆ ಕಳಿಸಿದರೆ ಓದಲಾಗದ ಗೀಚು ಹೋಗುತ್ತದೆ. ಬದಲಿಸುವ ಶ್ರಮ ಹೇಗೂ ಪಡುತ್ತೀರಿ, ಅಕ್ಷರವನ್ನೂ ಯೂನಿಕೋಡ್‌ಗೆ ತನ್ನಿ. ಇದನ್ನು ಬಿಟ್ಟರೆ ಅರ್ಧ ಕೆಲಸ ಮಾಡಿದಂತೆ.

ಪರಿವರ್ತಕ ತಂತ್ರಾಂಶಗಳು ಸಿಗುತ್ತವೆ. ಯಾವ ಫಾಂಟ್ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಹಳೆ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಹಾಗಾಗಿ ‘ಕರ್ಜಗಿ’ ಸರಿಯಾಗಿ ಬಂತಾ ನೋಡಿ. ‘ಲಕ್ಷ್ಮೇಶ್ವರ’ವನ್ನೂ ನೋಡಿ. ಕಣ್ಣಿಗೆ ಅದು 4 ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 11. ಊರಿನ ಕಾಲಂಗೆ 10 ಅಂತ ಅಳತೆ ಇಟ್ಟಿದ್ದರೆ ಹಿಡಿಯುವುದಿಲ್ಲ, ಮೊದಲೇ ಹೆಚ್ಚಿಸಿ. ಒಂದೇ ಕಾಲಂನಲ್ಲಿ ಇಂಗ್ಲಿಷೂ ಕನ್ನಡವೂ ಬೆರೆತಿದ್ದರೆ ಆ ಇಂಗ್ಲಿಷ್ ಅರ್ಥವಿಲ್ಲದ ಕನ್ನಡವಾಗಿಬಿಡುತ್ತದೆ. ಅಂಥವನ್ನು ಕೈಯಾರೆ ತಿದ್ದಬೇಕು, ಬೇರೆ ದಾರಿ ಇಲ್ಲ. ರೈತರನ್ನು ಗುರುತಿಸಲು ಹೆಸರಿನ ಬದಲು ಖಾತೆ ನಂಬರ್ ಬಳಸಿ.

ಯಾವ ತಂತ್ರಾಂಶಕ್ಕೆ ಹೋಗಬೇಕು? ನಿಮ್ಮಷ್ಟು ಲೆಕ್ಕಕ್ಕೆ ಹೊಸ ಆಕ್ಸೆಸ್ ಸಾಕು. ಒಂದು ಫೈಲಿನ ಮಿತಿ 2 ಜಿಬಿ, ಅಂಗಡಿಯ ಪಟ್ಟಿಗಳು ಅಲ್ಲಿಗೆ ಮುಟ್ಟುವುದು ಕಷ್ಟ. ಲಿಬ್ರೆಆಫೀಸ್ ಬೇಸ್ ಉಚಿತ, ಆದರೆ ಆಕ್ಸೆಸ್‌ನ ಫಾರ್ಮ್‌ಗಳು, ಕೋಡು ಅದಕ್ಕೆ ಬರುವುದಿಲ್ಲ. ಎಲ್ಲವನ್ನೂ ಟ್ಯಾಲಿಗೆ ಹಾಕಿ ಅಂತ ಯಾರಾದರೂ ಹೇಳಬಹುದು. ಹಣದ ಲೆಕ್ಕಕ್ಕೆ ಸರಿ. ಚೀಲ, ತೂಕ, ಮೆಣಸಿನಕಾಯಿಯ ಬಗೆಗಳಾದ ಕಡ್ಡಿ, ಡಬ್ಬಿ ಅಂತ ನಿಮ್ಮ ತಂದೆಯವರು ಇಟ್ಟುಕೊಂಡ ಪದ್ಧತಿಯನ್ನು ಅದಕ್ಕೋಸ್ಕರ ಬಿಡುವುದು ನನಗೆ ಇಷ್ಟವಿಲ್ಲ.

ಆಫೀಸ್ ಹಾಕಿಸುವಾಗ 32 ಬಿಟ್‌ನದೇ ಕೇಳಿ, 64 ಬಿಟ್‌ನಲ್ಲಿ ಹಳೆ ಕೋಡು ಎಡವುವುದು ಜಾಸ್ತಿ. ವಿಂಡೋಸ್‌ನ ದಿನಾಂಕ ಭಾರತದ ಪದ್ಧತಿಗೆ ಇರಲಿ, ಇಲ್ಲದಿದ್ದರೆ ನೀವು ಹೊಡೆಯುವ ಮಾರ್ಚ್ 5 ಮೇ 3 ಆಗುತ್ತದೆ. ಪಟ್ಟಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹಳೆ ಕಾಲದ ಅಗಲ ಕೇಬಲ್‌ನದ್ದಾದರೆ ಹೊಸ ಕಂಪ್ಯೂಟರಿನಲ್ಲಿ ಅದನ್ನು ಚುಚ್ಚಲು ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ಕಾಗದದ ಅಳತೆಯನ್ನೂ ಹೊಸದಾಗಿ ಕೂರಿಸಬೇಕು.

ಬದಲಿಸಿದ ಮೇಲೆ ಒಟ್ಟು ಚೀಲ, ಒಟ್ಟು ತೂಕ, ಪ್ರತಿ ರೈತರ ಬಾಕಿ ಎರಡೂ ಕಡೆ ತಾಳೆ ನೋಡಿ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಕಾರಣ ಸಿಗುವ ತನಕ ಬಿಡಬೇಡಿ, ಅದು ಇನ್ನೊಬ್ಬರ ಬೆವರಿನ ಹಣ. ಸೀಸನ್ ಶುರುವಿನ ಕೆಲವು ವಾರ ಪಟ್ಟಿಯನ್ನು ಎರಡರಲ್ಲೂ ಹಾಕಿ. ಹಳೆ ಪಟ್ಟಿಯ ಪಕ್ಕ ಹೊಸ ಪಟ್ಟಿ ಇಟ್ಟು ತಂದೆಯವರಿಗೇ ತೋರಿಸಿ. ಅವರು ಒಪ್ಪಿದ ಮೇಲೆ ಹಳೆಯದರಲ್ಲಿ ಬರೆಯುವುದನ್ನು ನಿಲ್ಲಿಸಿ.