ಚೆನ್ನಾಗಿರುವ ಕೈಗೆ ಗವಸು ಯಾಕೆ?

ಹತ್ತು ತಿಂಗಳ ಮಗಳು ಎಲ್ಲವನ್ನೂ ಎಡಗೈಯಲ್ಲೇ ಹಿಡಿಯುತ್ತಾಳೆ, ಬಲಗೈ ಮುಷ್ಟಿ ಬಿಗಿದೇ ಇರುತ್ತದೆ, ಈಗ ಥೆರಪಿಸ್ಟ್ ಎಡಗೈಗೆ ಗವಸು ಹಾಕಿ ಅಂದಿದ್ದಾರೆ, ಇದು ಹಿಂಸೆಯಲ್ಲವೇ ಅಂತ ಕೇಳಿದ್ದೀರಿ. ಮಕ್ಕಳ ಆಕ್ಯುಪೇಶನಲ್ ಥೆರಪಿಯಲ್ಲಿ, ಅಂದರೆ ಆಟ ಮತ್ತು ದಿನನಿತ್ಯದ ಕೆಲಸಗಳನ್ನು ರೂಢಿಸುವ ಚಿಕಿತ್ಸೆಯಲ್ಲಿ, ಇದು ಬಳಕೆಯಲ್ಲಿರುವ ಕ್ರಮವೇ. ಹಿಂಸೆ ಆಗೋದು ದಿನವಿಡೀ ಕಟ್ಟಿಟ್ಟರೆ.

ಒಂದು ವರ್ಷದೊಳಗೆ ಮಕ್ಕಳು ಸಾಮಾನ್ಯವಾಗಿ ಎಡಚರೂ ಅಲ್ಲ, ಬಲಚರೂ ಅಲ್ಲ. ಹಾಗಾಗಿ ಇಷ್ಟು ಬೇಗ ಒಂದೇ ಕೈ ಬಳಸುತ್ತಿದ್ದರೆ ಇನ್ನೊಂದು ಕೈಗೆ ತೊಂದರೆ ಇರಬಹುದು. ಮಿದುಳಿನ ಒಂದು ಬದಿಗೆ ಪೆಟ್ಟಾಗಿದ್ದರೆ ಎದುರು ಬದಿಯ ಕೈ ಹಿಂದೆ ಬೀಳುತ್ತದೆ. ಬಳಸದೇ ಬಿಟ್ಟಷ್ಟೂ ಮಿದುಳು ಆ ಕೈಯನ್ನು ಮರೆಯುತ್ತಾ ಹೋಗುತ್ತದೆ. ಗವಸು ಬಲಗೈಗೆ ಒಂದು ಅವಕಾಶ ಕೊಡುತ್ತದೆ, ಅಷ್ಟೇ. ಕೂಸುಗಳಿಗೆ ಸಾಮಾನ್ಯವಾಗಿ ದಿನಕ್ಕೆ 30 ನಿಮಿಷ, ಅದೂ ಬಿಡಿಬಿಡಿಯಾಗಿ, ಆಟದ ಹೊತ್ತಿನಲ್ಲಿ. ನಿದ್ದೆಯಲ್ಲಿ, ಅಂಬೆಗಾಲಿಡುವಾಗ ಬೇಡ. ಅತ್ತರೆ ತೆಗೆದುಬಿಡಿ.

ಮುಷ್ಟಿ ಬಿಡಿಸಲು ಬೆರಳ ತುದಿ ಹಿಡಿದು ಎಳೆಯಬೇಡಿ, ಎಲ್ಲರೂ ಮಾಡೋ ತಪ್ಪು ಇದೇ. ಮಣಿಕಟ್ಟನ್ನು ಮೆಲ್ಲಗೆ ಅಂಗೈ ಕಡೆಗೆ ಬಾಗಿಸಿ. ಬೆರಳುಗಳು ತಾವಾಗಿಯೇ ಸಡಿಲವಾಗುತ್ತವೆ. ಆಮೇಲೆ ಹೆಬ್ಬೆರಳನ್ನು ಬುಡದಿಂದ ಹೊರಗೆ ತನ್ನಿ. ಹಗುರವಾದ, ತೆಳು ಹಿಡಿಯ ಗಿಲಕಿಯನ್ನು ಬಲಗಡೆ ಹಿಡಿದು ಸುಮ್ಮನೆ ಕಾಯಿರಿ. ಕೈ ಚಾಚಲು ಅವಳಿಗೆ ಹೊತ್ತು ಬೇಕು. ನಮಗೇ ತಾಳ್ಮೆ ಇರಲ್ಲ, ಕೈಗೆ ತುರುಕಿಬಿಡುತ್ತೇವೆ!

ಗವಸು ತೆಗೆದ ಮೇಲೆ ದೊಡ್ಡ ಚೆಂಡು ಕೊಡಿ, ಒಂದು ಕೈಗೆ ಅದು ದಕ್ಕುವುದಿಲ್ಲ. ಎರಡೂ ಕೈ ಸೇರಿ ಆಡುವ ಇಂಥ ಆಟಗಳು ಇನ್ನೇನಿವೆ ಅಂತ ಮುಂದಿನ ಭೇಟಿಯಲ್ಲಿ ಥೆರಪಿಸ್ಟ್ ಹತ್ತಿರ ಕೇಳಿ.