ಫ್ರಿಜ್ಜಿನ ಗ್ಯಾಸ್ ತಾನಾಗಿ ಮುಗಿಯುವುದಿಲ್ಲ

ಗೃಹೋಪಯೋಗಿ ಉಪಕರಣಗಳ ರಿಪೇರಿಯನ್ನೇ ಉದ್ಯೋಗ ಮಾಡಿಕೊಂಡವರು ಈ ಅಂಕಣಕ್ಕೆ ಬರೆಯುವ ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ಎಷ್ಟು ಸಲ ಉತ್ತರಿಸಿದರೂ ಮತ್ತೆ ಮತ್ತೆ ಬರುತ್ತಲೇ ಇವೆ. ಅವುಗಳಲ್ಲಿ ಒಂದಕ್ಕೆ ಈ ಬಾರಿ ಹೆಚ್ಚಿನ ಜಾಗ ಕೊಡುತ್ತೇನೆ. ಆ ಒಂದು ತಪ್ಪು ತಿಳಿವಳಿಕೆಯಿಂದ ಗ್ರಾಹಕರ ಹಣವೂ ಹಾಳಾಗುತ್ತಿದೆ, ನಮ್ಮ ಕಸುಬಿನ ಮರ್ಯಾದೆಯೂ ಹೋಗುತ್ತಿದೆ. ಮೀಟರ್ ಹಿಡಿಯುವುದು ಹೇಗೆ, ಕಂಪ್ರೆಸರಿನ ಮೂರು ಪಿನ್ನುಗಳನ್ನು ಗುರುತಿಸುವುದು ಹೇಗೆ ಎಂಬಂಥ ಪಾಠಗಳನ್ನು ಇಲ್ಲಿ ಹೇಳುವುದಿಲ್ಲ. ಅಷ್ಟು ಗೊತ್ತಿಲ್ಲದವರು ಗ್ರಾಹಕರ ಮನೆಗೆ ಒಬ್ಬರೇ ಹೋಗಬಾರದು.

ಪ್ರಶ್ನೆ: ನಾನು ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಕೆಲಸ ಕಲಿಯುತ್ತಿದ್ದೇನೆ. ಫ್ರಿಜ್ ಕೂಲಿಂಗ್ ಕಡಿಮೆಯಾಗಿದೆ ಎಂದು ಯಾರೇ ಕರೆದರೂ ಅವರು ಗ್ಯಾಸ್ ಖಾಲಿಯಾಗಿದೆ ಎಂದು ಹೇಳಿ ಚಾರ್ಜ್ ಮಾಡುತ್ತಾರೆ, ಅಂದರೆ ಹೊಸ ಗ್ಯಾಸ್ ತುಂಬಿಸುತ್ತಾರೆ. ಕೆಲವು ದಿನ ಚೆನ್ನಾಗಿ ನಡೆದು, ಆಮೇಲೆ ಅದೇ ಮನೆಯಿಂದ ಅದೇ ದೂರು ಬರುತ್ತದೆ. ಒಂದೆರಡು ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಲೇಬೇಕು ಎಂದು ಅವರು ಹೇಳುವುದು ನಿಜವೇ? ಗ್ಯಾಸ್ ಕಡಿಮೆಯಾಗಿದೆ ಎಂದು ಖಚಿತವಾಗಿ ತಿಳಿಯುವುದು ಹೇಗೆ?

ಉತ್ತರ: ನಿಜವಲ್ಲ. ಫ್ರಿಜ್ಜಿನೊಳಗಿನ ಗ್ಯಾಸ್ ಇಂಧನವಲ್ಲ. ಕೂಲಿಂಗ್ ಮಾಡುವಾಗ ಅದು ಉರಿದು ಖರ್ಚಾಗುವುದಿಲ್ಲ, ಸವೆಯುವುದಿಲ್ಲ, ಹಳೆಯದಾಗಿ ಶಕ್ತಿಗುಂದುವುದೂ ಇಲ್ಲ. ಕಾರ್ಖಾನೆಯಲ್ಲಿ ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ದ್ರವವಾಗಿ, ಮತ್ತೆ ಆವಿಯಾಗಿ, ಯಂತ್ರದ ಆಯುಷ್ಯ ಮುಗಿಯುವವರೆಗೂ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಲೀಕ್ ಇದೆ ಎಂದೇ ಅರ್ಥ. ಲೀಕ್ ಹುಡುಕದೆ ಗ್ಯಾಸ್ ತುಂಬಿಸಿ ಹಣ ಪಡೆಯುವುದನ್ನು ರಿಪೇರಿ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಹಾಗಾದರೆ ಚಾರ್ಜ್ ಮಾಡಿದ ಮೇಲೆ ಕೆಲವು ದಿನ ಕೂಲಿಂಗ್ ಬರುವುದೇಕೆ? ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಫ್ರಾಸ್ಟ್‌ಫ್ರೀ ಫ್ರಿಜ್ಜಿನಲ್ಲಿ ಕೂಲಿಂಗ್ ಕಾಯಿಲ್ ಫ್ರೀಜರಿನ ಹಿಂಬದಿಯ ಪ್ಯಾನೆಲ್ ಒಳಗೆ ಅಡಗಿರುತ್ತದೆ. ಅದರ ಮೇಲೆ ಕೂರುವ ಹಿಮವನ್ನು ಡಿಫ್ರಾಸ್ಟ್ ಹೀಟರ್ ಕೆಲವು ಗಂಟೆಗಳಿಗೊಮ್ಮೆ ಕರಗಿಸಬೇಕು. ಹೀಟರ್ ಸುಟ್ಟುಹೋದರೆ, ಹೀಟರನ್ನು ತಾಪಕ್ಕೆ ತಕ್ಕಂತೆ ಆನ್ ಆಫ್ ಮಾಡುವ ಬೈಮೆಟಲ್ ಸ್ವಿಚ್ ಕೈಕೊಟ್ಟರೆ ಅಥವಾ ಟೈಮರ್ ನಿಂತರೆ ಹಿಮ ಬೆಳೆದು ಗಟ್ಟಿಯಾಗಿ, ಕಾಯಿಲಿನ ಸಂದುಗಳಲ್ಲಿ ಗಾಳಿ ಓಡಾಡಲು ದಾರಿಯೇ ಉಳಿಯುವುದಿಲ್ಲ. ಆಗ ಫ್ರೀಜರ್ ತಣ್ಣಗಿದ್ದರೂ ಕೆಳಗಿನ ಭಾಗಕ್ಕೆ ತಂಪು ಇಳಿಯುವುದಿಲ್ಲ. ಗ್ರಾಹಕರು ಕೂಲಿಂಗ್ ಇಲ್ಲ ಎಂದು ಕರೆಯುತ್ತಾರೆ. ನಿಮ್ಮ ಹಿರಿಯರು ಬಂದು ಸ್ವಿಚ್ ಆಫ್ ಮಾಡಿ, ಚಾರ್ಜಿಂಗ್ ಲೈನ್ ಕತ್ತರಿಸಿ, ಇದ್ದ ಗ್ಯಾಸನ್ನು ಹೊರಬಿಟ್ಟು, ಬೆಸುಗೆ ಹಾಕಿ, ಹೊಸ ಗ್ಯಾಸ್ ತುಂಬಿಸುತ್ತಾರೆ. ಬಾಗಿಲು ತೆರೆದಿಟ್ಟು ಇಷ್ಟೆಲ್ಲ ಮಾಡುವ ಗಂಟೆಗಳಲ್ಲಿ ಕಾಯಿಲಿನ ಮೇಲಿದ್ದ ಐಸ್ ತಾನಾಗಿಯೇ ಕರಗಿ ಹರಿದುಹೋಗುತ್ತದೆ. ಫ್ರಿಜ್ ಮತ್ತೆ ಓಡಿದಾಗ ಗಾಳಿ ಸರಾಗವಾಗಿ ಬೀಸುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ. ಹೀಟರ್ ಸುಟ್ಟೇ ಇರುವುದರಿಂದ ಒಂದೆರಡು ವಾರಗಳಲ್ಲಿ ಮತ್ತೆ ಅದೇ ಹಿಮದ ಗೋಡೆ ಕಟ್ಟಿಕೊಳ್ಳುತ್ತದೆ. ಗ್ಯಾಸ್ ಬದಲಿಸದೆ ಸುಮ್ಮನೆ ಒಂದು ದಿನ ಆಫ್ ಮಾಡಿಟ್ಟಿದ್ದರೂ ಅದೇ ಪರಿಣಾಮ ಸಿಗುತ್ತಿತ್ತು. ಕಾರ್ಖಾನೆಯಲ್ಲಿ ಸರಿಯಾಗಿ ಮುಚ್ಚಿದ್ದ ವ್ಯವಸ್ಥೆಯನ್ನು ಕತ್ತರಿಸಿ ಕೆಡಿಸಿದ್ದು ಮಾತ್ರ ಹೊಸದಾಗಿ ಸೇರಿದ ನಷ್ಟ.

ಆದ್ದರಿಂದ ಕೊಳವೆಗೆ ಕಟರ್ ಹಚ್ಚುವ ಮೊದಲು ಪ್ಯಾನೆಲ್ ಬಿಚ್ಚಿ ಕಾಯಿಲನ್ನು ಕಣ್ಣಾರೆ ನೋಡಿ. ಕಾಯಿಲಿನ ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೆ ತೆಳುವಾಗಿ, ಒಂದೇ ಸಮನಾಗಿ ಹಿಮ ಕೂತಿದ್ದರೆ ಗ್ಯಾಸಿನ ಮಾತು ಬಿಟ್ಟುಬಿಡಿ. ಫ್ಯಾನ್ ಮೋಟಾರ್, ಗಾಳಿಯ ದಾರಿ ತೆರೆದು ಮುಚ್ಚುವ ಡ್ಯಾಂಪರ್, ಥರ್ಮೋಸ್ಟಾಟ್ ಅಥವಾ ಸೆನ್ಸರ್, ಬಾಗಿಲಿನ ಗ್ಯಾಸ್ಕೆಟ್, ಧೂಳು ಮುಚ್ಚಿದ ಕಂಡೆನ್ಸರ್ ಇವುಗಳನ್ನು ಪರೀಕ್ಷಿಸಿ. ಕಾಯಿಲ್ ಕಾಣದಷ್ಟು ಗಟ್ಟಿ ಐಸ್ ಇದ್ದರೆ ದೋಷ ಡಿಫ್ರಾಸ್ಟ್ ಭಾಗದಲ್ಲಿದೆ. ಹೀಟರಿನ ಎರಡು ತುದಿಗೆ ಮೀಟರ್ ಇಟ್ಟರೆ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಕಾಯಿಲಿಗೆ ದ್ರವ ಗ್ಯಾಸ್ ತರುವ ಸಣ್ಣ ಕೊಳವೆಯಾದ ಕ್ಯಾಪಿಲರಿ ಬಂದು ಸೇರುವ ಕಡೆ ಎರಡು ಮೂರು ಸುತ್ತಿಗೆ ಮಾತ್ರ ಹಿಮ ಹಿಡಿದು ಉಳಿದ ಸುತ್ತುಗಳು ಬರಿದಾಗಿದ್ದರೆ ಮಾತ್ರ ಗ್ಯಾಸ್ ಕಡಿಮೆಯಾಗಿರುವ ಸಂದೇಹಕ್ಕೆ ಆಧಾರವಿದೆ. ಆಗಲೂ ಅದು ಸಂದೇಹವೇ, ಏಕೆಂದರೆ ಕ್ಯಾಪಿಲರಿ ಅಥವಾ ಗ್ಯಾಸಿನ ತೇವ ಹೀರುವ ಡ್ರೈಯರ್ ಅರ್ಧ ಕಟ್ಟಿಕೊಂಡಾಗಲೂ ಕಾಯಿಲ್ ಹೀಗೆಯೇ ಕಾಣುತ್ತದೆ. ಕಟ್ಟಿಕೊಂಡಿದ್ದರೆ ಆಫ್ ಮಾಡಿದ ಮೇಲೆ ಕಂಪ್ರೆಸರಿನ ಎರಡೂ ಕಡೆಯ ಒತ್ತಡ ಸಮವಾಗಲು ಬಹಳ ಹೊತ್ತು ಹಿಡಿಯುತ್ತದೆ.

ತಂತಿ ಕತ್ತರಿಸದೆ ಕರೆಂಟ್ ಅಳೆಯುವ ಕ್ಲಾಂಪ್ ಮೀಟರಿನ ಸಾಕ್ಷ್ಯವನ್ನೂ ತೆಗೆದುಕೊಳ್ಳಿ. ಸಾಮಾನ್ಯ ಕಂಪ್ರೆಸರಿನಲ್ಲಿ ಗ್ಯಾಸ್ ಕಡಿಮೆಯಿದ್ದರೆ ಕರೆಂಟ್ ನೇಮ್‌ಪ್ಲೇಟಿನಲ್ಲಿ ಬರೆದದ್ದಕ್ಕಿಂತ ಸ್ಪಷ್ಟವಾಗಿ ಇಳಿದಿರುತ್ತದೆ. ಹೆಚ್ಚು ತುಂಬಿಸಿದ್ದರೆ ಏರಿರುತ್ತದೆ ಮತ್ತು ಕಂಪ್ರೆಸರಿಗೆ ಮರಳುವ ಪೈಪಿನ ಮೇಲೆ ನೀರು ಅಥವಾ ಹಿಮ ಕಾಣಿಸಿಕೊಳ್ಳುತ್ತದೆ. ಇನ್ವರ್ಟರ್ ಕಂಪ್ರೆಸರಿನಲ್ಲಿ ವೇಗದೊಂದಿಗೆ ಕರೆಂಟೂ ಬದಲಾಗುವುದರಿಂದ ಈ ಒಂದು ಅಳತೆಯನ್ನೇ ನಂಬಬಾರದು.

ಲೀಕ್ ಇರುವುದು ಖಚಿತವಾದ ಮೇಲೂ ಕೆಲಸ ಸುಲಭವಲ್ಲ. ಇಂದಿನ ಬಹುತೇಕ ಮನೆಬಳಕೆಯ ಫ್ರಿಜ್ಜುಗಳಲ್ಲಿರುವುದು ಆರ್ 600ಎ, ಅಂದರೆ ಐಸೊಬ್ಯೂಟೇನ್. ವಾತಾವರಣದ ಒತ್ತಡದಲ್ಲಿ ಅದು ಕುದಿಯುವುದು ಸುಮಾರು ಮೈನಸ್ 12 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಫ್ರೀಜರ್ ಕಾಯಿಲ್ ಅದಕ್ಕಿಂತ ಎಷ್ಟೋ ತಣ್ಣಗಿರಬೇಕಾದ್ದರಿಂದ ಯಂತ್ರ ಓಡುವಾಗ ಲೋ ಸೈಡಿನ, ಅಂದರೆ ಕಾಯಿಲಿನಿಂದ ಕಂಪ್ರೆಸರಿಗೆ ಮರಳುವ ಕಡೆಯ, ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಿರುತ್ತದೆ. ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಓಡುತ್ತಿರುವ ಯಂತ್ರದ ಲೋ ಸೈಡಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆಗೆ ಕಾಯುವುದು ವ್ಯರ್ಥ. ಅಲ್ಲಿ ಗ್ಯಾಸ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತಿರುತ್ತದೆ. ಎರಡನೆಯದಾಗಿ, ಹಾಗೆ ಒಳಗೆ ಹೋದ ಗಾಳಿಯ ತೇವ ಕ್ಯಾಪಿಲರಿಯ ತುದಿಯಲ್ಲಿ ಹೆಪ್ಪುಗಟ್ಟಿ ಕೂಲಿಂಗ್ ಬಂದು ಬಂದು ನಿಲ್ಲುತ್ತದೆ, ಗಾಳಿಯಿಂದ ಒತ್ತಡ ಏರಿ ಕಂಪ್ರೆಸರ್ ಮುಟ್ಟಲಾಗದಷ್ಟು ಕಾಯುತ್ತದೆ. ಕೊಳವೆಯನ್ನು ಚುಚ್ಚಿ ಹಾಕುವ ಪಿಯರ್ಸಿಂಗ್ ವಾಲ್ವನ್ನು ಹಾಗೆಯೇ ಬಿಟ್ಟುಹೋಗುವವರು ಇದನ್ನು ಗಮನದಲ್ಲಿಡಬೇಕು. ಅದರ ರಬ್ಬರ್ ಸಡಿಲವಾದ ದಿನ ಹೊಸ ಲೀಕ್ ಅಲ್ಲಿಂದಲೇ ಶುರುವಾಗುತ್ತದೆ.

ಸರಿಯಾದ ಕ್ರಮ ಇಷ್ಟು: ಇರುವ ಗ್ಯಾಸನ್ನು ಸುರಕ್ಷಿತವಾಗಿ ತೆಗೆದು, ರೆಗ್ಯುಲೇಟರ್ ಇರುವ ಸಿಲಿಂಡರಿನಿಂದ ಒಣ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡಿ, ಲೀಕ್ ಹುಡುಕಿ ಮುಚ್ಚಿ, ಡ್ರೈಯರನ್ನು ತಪ್ಪದೆ ಹೊಸದು ಹಾಕಿ, ವ್ಯಾಕ್ಯೂಮ್ ಪಂಪಿನಿಂದ 500 ಮೈಕ್ರಾನಿಗಿಂತ (ಇಲ್ಲಿ ಇದು ವ್ಯಾಕ್ಯೂಮಿನ ಅಳತೆ) ಕೆಳಗೆ ಎಳೆದು, ಪಂಪ್ ನಿಲ್ಲಿಸಿದ ಮೇಲೂ ಅದು ಏರದೆ ನಿಲ್ಲುವುದನ್ನು ಕಂಡ ನಂತರವೇ ನೇಮ್‌ಪ್ಲೇಟಿನಲ್ಲಿ ಬರೆದಷ್ಟೇ ಗ್ರಾಮ್ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಿಸಬೇಕು. ಫ್ರಿಜ್ಜಿನ ಕಂಪ್ರೆಸರಿನಿಂದಲೇ ಗಾಳಿ ಎಳೆಸುವ ಅಡ್ಡದಾರಿಯನ್ನು ಯಾರೇ ಕಲಿಸಿದರೂ ಕಲಿಯಬೇಡಿ. ನೈಟ್ರೋಜನ್ ಇಲ್ಲವೆಂದು ಆಕ್ಸಿಜನ್ ಬಳಸುವವರಿದ್ದಾರೆ. ಒತ್ತಡದ ಆಕ್ಸಿಜನ್ನಿಗೆ ಕಂಪ್ರೆಸರಿನ ಎಣ್ಣೆ ತಾಗಿದರೆ ಸ್ಫೋಟವಾಗುತ್ತದೆ, ಅಲ್ಲಿ ನಿಂತವರ ಪ್ರಾಣ ಹೋಗುತ್ತದೆ. ತೂಕದ ವಿಷಯದಲ್ಲಿಯೂ ಅಂದಾಜು ನಡೆಯುವುದಿಲ್ಲ. ಮನೆಬಳಕೆಯ ಫ್ರಿಜ್ಜಿಗೆ ಅಂತರರಾಷ್ಟ್ರೀಯ ಮಾನದಂಡ ಇಟ್ಟಿರುವ ಮಿತಿ 150 ಗ್ರಾಮ್; ಸಾಮಾನ್ಯವಾಗಿ ಇರುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಅಷ್ಟು ಸಣ್ಣ ಪ್ರಮಾಣದಲ್ಲಿ ಐದಾರು ಗ್ರಾಮಿನ ವ್ಯತ್ಯಾಸವೂ ಕೂಲಿಂಗನ್ನು ಕೆಡಿಸುತ್ತದೆ. ಗೇಜ್ ಮುಳ್ಳು ನೋಡಿ, ಕೈಯಿಂದ ಪೈಪ್ ಮುಟ್ಟಿ, ಸಾಕು ಎನ್ನುವ ಪದ್ಧತಿಯನ್ನು ಈ ಗ್ಯಾಸಿನೊಂದಿಗೆ ಕೈಬಿಡಲೇಬೇಕು.

ಇನ್ನು ಬೆಂಕಿಯ ವಿಷಯ. ಗಾಳಿಯಲ್ಲಿ ಶೇಕಡಾ 1.8ರಷ್ಟು ಬೆರೆತರೂ ಐಸೊಬ್ಯೂಟೇನ್ ಹೊತ್ತಿಕೊಳ್ಳಬಲ್ಲದು. ಅದು ಗಾಳಿಗಿಂತ ಸುಮಾರು ಎರಡು ಪಟ್ಟು ಭಾರವಾದ್ದರಿಂದ ನೆಲದ ಮಟ್ಟದಲ್ಲಿ, ಕಂಪ್ರೆಸರಿನ ಗೂಡಿನಲ್ಲಿ ಸಂಗ್ರಹವಾಗುತ್ತದೆ. ಮುಚ್ಚಿದ ಅಡುಗೆಮನೆಯಲ್ಲಿ, ಪಕ್ಕದಲ್ಲಿ ಒಲೆ ಇರುವಾಗ, ಗ್ಯಾಸ್ ಇನ್ನೂ ಒಳಗಿರುವ ಕೊಳವೆಗೆ ಟಾರ್ಚ್ ಹಿಡಿಯುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಕಿಟಕಿ ಬಾಗಿಲು ತೆರೆದು, ಗ್ಯಾಸನ್ನು ಹೋಸ್ ಮೂಲಕ ಮನೆಯ ಹೊರಗೆ ಬಿಟ್ಟು, ಕೊಳವೆಯನ್ನು ನೈಟ್ರೋಜನ್ನಿನಿಂದ ತೊಳೆದ ನಂತರವೇ ಬೆಂಕಿಯ ಮಾತು. ಸಾಧ್ಯವಾದ ಕಡೆ ಬೆಂಕಿ ಬೇಡದ ಒತ್ತು ಜೋಡಣೆಯನ್ನೇ ಬಳಸಬೇಕು. ಯಂತ್ರವನ್ನು ವರ್ಕ್‌ಶಾಪಿಗೆ ತರಲು ಗ್ರಾಹಕರು ಒಪ್ಪದಿದ್ದರೆ ಕೆಲಸವನ್ನೇ ಬಿಡುವುದು ನನ್ನ ನಿಯಮ. ಅದನ್ನು ಅತಿ ಎಚ್ಚರಿಕೆ ಎಂದು ಹೇಳುವವರು ಹೇಳಲಿ. ಇಂಥ ಫ್ರಿಜ್ಜಿನಲ್ಲಿ ಕಂಪ್ರೆಸರನ್ನು ಶುರು ಮಾಡುವ ರಿಲೇ, ಥರ್ಮೋಸ್ಟಾಟ್, ದೀಪದ ಸ್ವಿಚ್ಚುಗಳು ಕಿಡಿ ಹೊರಬೀಳದಂತೆ ಮಾಡಿದವು. ಕೈಗೆ ಸಿಕ್ಕ ಹಳೆಯ ರಿಲೇ ಹಾಕಿ ಫ್ರಿಜ್ ಓಡಿತಲ್ಲ ಎಂದು ತೃಪ್ತಿಪಡುವವರು ಮನೆಯವರನ್ನು ಅಪಾಯದಲ್ಲಿಟ್ಟು ಬರುತ್ತಾರೆ.

ಆರ್ 134ಎ ಎಂಬ ಇನ್ನೊಂದು ಗ್ಯಾಸಿನ ಯಂತ್ರಕ್ಕೆ ಆರ್ 600ಎ ಹಾಕಬಹುದೇ, ಅದರ ವಿರುದ್ಧವಾಗಿ ಮಾಡಬಹುದೇ ಎಂದೂ ಕೆಲವರು ಕೇಳಿದ್ದಾರೆ. ಎರಡೂ ಕೂಡದು. ಎರಡಕ್ಕೂ ಕಂಪ್ರೆಸರಿನ ಅಳತೆ ಬೇರೆ, ಒತ್ತಡ ಬೇರೆ, ಮತ್ತು ಮೊದಲನೆಯದರ ವಿದ್ಯುತ್ ಭಾಗಗಳನ್ನು ಉರಿಯುವ ಗ್ಯಾಸಿಗೆಂದು ಮಾಡಿಲ್ಲ. ಅಡುಗೆ ಗ್ಯಾಸ್ ಸಿಲಿಂಡರಿನಿಂದ ತುಂಬಿಸುವವರ ಬಗ್ಗೆ ಹೇಳುವುದಾದರೆ, ಅವರು ಮೆಕ್ಯಾನಿಕ್ಕುಗಳಲ್ಲ. ಅದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಪ್ರಮಾಣ ಒಂದೇ ರೀತಿ ಇರುವುದಿಲ್ಲ, ವಾಸನೆಗೆ ಬೆರೆಸಿದ ರಾಸಾಯನಿಕವೂ ತೇವವೂ ಸೇರಿರುತ್ತವೆ. ಅಂಥವರ ಬಳಿ ಕೆಲಸ ಕಲಿಯುತ್ತಿದ್ದರೆ ಇಂದೇ ಬಿಟ್ಟುಬಿಡಿ.

ಪ್ರಶ್ನೆ: ಮೈಕ್ರೋವೇವ್ ಓವನ್ನಿನ ಕೆಪಾಸಿಟರನ್ನು ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿದರೆ ಸಾಕೇ?

ಉತ್ತರ: ಪ್ಲಗ್ ತೆಗೆದ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು, ಒಳಗಿನ ರೆಸಿಸ್ಟರ್ ಅದನ್ನು ಇಳಿಸಿಯೇ ಇರುತ್ತದೆ ಎಂಬ ಭರವಸೆ ಇಲ್ಲ. ಈ ಕೆಲಸವನ್ನು ಬರಹ ಓದಿ ಕಲಿಯಬಾರದು. ಬಲ್ಲವರ ಪಕ್ಕದಲ್ಲಿ ನಿಂತು ಕಲಿಯುವವರೆಗೆ ಓವನ್ನಿನ ಕವರ್ ಬಿಚ್ಚಬೇಡಿ.

ಪ್ರಶ್ನೆ: ವಾಷಿಂಗ್ ಮಷೀನಿನ ಡೋರ್ ಲಾಕ್ ಕೆಟ್ಟಿದೆ, ಪಾರ್ಟ್ ಬರಲು ಒಂದು ವಾರ ಬೇಕು. ಅಲ್ಲಿಯವರೆಗೆ ಲಾಕ್ ಇಲ್ಲದೆಯೇ ಓಡುವಂತೆ ಡೈರೆಕ್ಟ್ ಮಾಡಿಕೊಡಿ ಎಂದು ಗ್ರಾಹಕರು ಒತ್ತಾಯಿಸುತ್ತಾರೆ.

ಉತ್ತರ: ಮಾಡಬೇಡಿ. ನಿಮಿಷಕ್ಕೆ ಸಾವಿರ ಸುತ್ತು ತಿರುಗುವ ಡ್ರಮ್ಮಿನೊಳಗೆ ಮಗುವೊಂದು ಕೈ ಹಾಕಲು ಒಂದು ವಾರ ಬೇಕಾಗುವುದಿಲ್ಲ. ಹೀಟರ್ ಮತ್ತು ಬಟ್ಟೆ ಒಣಗಿಸುವ ಡ್ರೈಯರುಗಳಲ್ಲಿ ಹೆಚ್ಚು ಕಾದರೆ ಕರೆಂಟ್ ಕಡಿಯುವ ಥರ್ಮಲ್ ಫ್ಯೂಸ್ ಡೈರೆಕ್ಟ್ ಮಾಡುವವರಿಗೂ ಇದೇ ಉತ್ತರ.

ಪ್ರಶ್ನೆ: ವಿದ್ಯುತ್ ಉಳಿಸುವ ಪ್ಲಗ್ ಮಾರಿದರೆ ಕಮಿಷನ್ ಕೊಡುತ್ತೇವೆ ಎನ್ನುತ್ತಾರೆ. ಗ್ರಾಹಕರಿಗೆ ಶಿಫಾರಸು ಮಾಡಬಹುದೇ?

ಉತ್ತರ: ಆ ಡಬ್ಬಿಯೊಳಗೆ ಸಾಮಾನ್ಯವಾಗಿ ಇರುವುದು ಒಂದು ಸಣ್ಣ ಕೆಪಾಸಿಟರ್ ಮತ್ತು ಒಂದು ದೀಪ. ಮನೆಯ ಬಿಲ್ಲು ಬರುವುದು ಯೂನಿಟ್ ಲೆಕ್ಕದಲ್ಲಿ. ಕೆಪಾಸಿಟರ್ ಆ ಯೂನಿಟ್ಟುಗಳನ್ನು ಕಡಿಮೆ ಮಾಡುವುದಿಲ್ಲ. ಇದನ್ನು ಮಾರುವುದು ಮೋಸ.

ಪ್ರಶ್ನೆ: ಮೂರು ದಿನದ ಬೋರ್ಡ್ ರಿಪೇರಿ ಕೋರ್ಸಿಗೆ ಸೇರಬಹುದೇ?

ಉತ್ತರ: ಬೇಡ.

ಪ್ರಶ್ನೆ: ಇನ್ವರ್ಟರ್ ಕಂಪ್ರೆಸರ್ ಸರಿಯಿದೆಯೇ ಎಂದು ನೋಡಲು ನೇರವಾಗಿ ಮೇನ್ ಲೈನ್ ಕೊಡಬಹುದೇ?

ಉತ್ತರ: ಅದಕ್ಕೆ ಬೇಕಾದ್ದು ಬೋರ್ಡು ತಯಾರಿಸಿ ಕೊಡುವ ಮೂರು ಫೇಸಿನ ಸರಬರಾಜು. ಮೇನ್ ಲೈನ್ ಕೊಟ್ಟರೆ ಸರಿಯಿದ್ದ ಕಂಪ್ರೆಸರೂ ಸುಡುತ್ತದೆ. ಮೂರು ಪಿನ್ನುಗಳ ನಡುವಿನ ರೆಸಿಸ್ಟೆನ್ಸ್ ಸಮವಾಗಿದೆಯೇ, ಬಾಡಿಗೆ ಶಾರ್ಟ್ ಆಗಿದೆಯೇ ನೋಡಿ.

ಪ್ರಶ್ನೆ: ಒಂದು ಗಂಟೆ ಹುಡುಕಿ, ಕೊನೆಗೆ ಒಂದು ಸಣ್ಣ ರಿಲೇ ಬದಲಿಸಿದರೆ ಗ್ರಾಹಕರು ಇಷ್ಟಕ್ಕೆ ಇಷ್ಟು ಹಣವೇ ಎಂದು ಜಗಳ ಮಾಡುತ್ತಾರೆ. ಅದೇ ಗ್ಯಾಸ್ ಎಂದರೆ ಮರುಮಾತಿಲ್ಲದೆ ಕೊಡುತ್ತಾರೆ. ಏನು ಮಾಡಬೇಕು?

ಉತ್ತರ: ಈ ಪ್ರಶ್ನೆಯ ಬಗ್ಗೆ ನನಗೆ ಸಹಾನುಭೂತಿಯಿದೆ. ಪ್ರಾಮಾಣಿಕರಾದ ಎಷ್ಟೋ ಹುಡುಗರು ಸುಳ್ಳು ಹೇಳಲು ಕಲಿಯುವುದು ಈ ಹಂತದಲ್ಲಿಯೇ. ದೋಷ ಹುಡುಕುವುದೇ ನಮ್ಮ ವಿದ್ಯೆ. ಪಾರ್ಟ್ ಬದಲಿಸುವುದು ಅದರ ಕೊನೆಯ ಹೆಜ್ಜೆ ಮಾತ್ರ. ಆದ್ದರಿಂದ ತಪಾಸಣೆಯ ಶುಲ್ಕವನ್ನು ಫೋನಿನಲ್ಲಿಯೇ, ಮನೆಗೆ ಹೋಗುವ ಮೊದಲೇ ಹೇಳಿ. ರಿಪೇರಿ ಬೇಡವೆಂದರೂ ಅದನ್ನು ಕೊಡಬೇಕಾಗುತ್ತದೆ ಎಂದೂ ತಿಳಿಸಿ. ಪರೀಕ್ಷೆ ಮಾಡುವಾಗ ಗ್ರಾಹಕರನ್ನು ಪಕ್ಕಕ್ಕೆ ಕರೆದು ಮೀಟರಿನ ಅಂಕಿ ತೋರಿಸಿ, ತೆಗೆದ ಪಾರ್ಟನ್ನು ಅವರ ಕೈಗೇ ಕೊಡಿ. ಒಡೆದ ಪಿಟಿಸಿ ರಿಲೇಯನ್ನು ಕಿವಿಯ ಹತ್ತಿರ ಅಲುಗಾಡಿಸಿದರೆ ಒಳಗೆ ಚೂರುಗಳು ಗಲಗಲ ಎನ್ನುತ್ತವೆ. ಅದನ್ನು ಕೇಳಿದವರು ಆಮೇಲೆ ವಾದ ಮಾಡುವುದು ಕಡಿಮೆ. ಬಿಲ್ಲಿನಲ್ಲಿ ತಪಾಸಣೆ, ಪಾರ್ಟ್, ಕೂಲಿ ಮೂರನ್ನೂ ಬೇರೆ ಬೇರೆ ಬರೆಯಿರಿ, ಅಳತೆ ಮಾಡಿದ ಕರೆಂಟನ್ನೂ ಬರೆದಿಡಿ. ಮುಂದಿನ ಬಾರಿ ಆ ಫ್ರಿಜ್ ಕೆಟ್ಟಾಗ ನಿಮಗೋ ನಿಮ್ಮ ನಂತರ ಬರುವ ಮೆಕ್ಯಾನಿಕ್ಕಿಗೋ ಹೋಲಿಸಿ ನೋಡಲು ಆ ಅಂಕಿ ಸಿಗುತ್ತದೆ.

ಯಾವ ಮೀಟರ್ ಕೊಳ್ಳಬೇಕು ಎಂದು ಕೇಳಿದವರಿಗೆ: ಕ್ಯಾಟ್ 3, 600 ವೋಲ್ಟ್ ಎಂಬ ಸುರಕ್ಷತಾ ದರ್ಜೆ ನಮೂದಿಸಿರುವ, ಒಳಗೆ ಸರಿಯಾದ ಫ್ಯೂಸ್ ಇರುವ ಮೀಟರ್ ಕೊಳ್ಳಿ. ತಂತಿಯ ಹೊದಿಕೆ ಬಿರಿದ ದಿನವೇ ಪ್ರೋಬುಗಳನ್ನು ಬದಲಿಸಿ.