ಶಾಲೆ ಬಿಟ್ಟ ಮೇಲಿನ ಒಂದು ಗಂಟೆ: ಕೇಳಿದ್ರಲ್ಲ, ಉದ್ದವಾಗೇ ಬರೀತೀನಿ

ಅಣ್ಣ, ನಮ್ಮ ರೈತರ ಗುಂಪಿನಲ್ಲಿ ಅಡಿಕೆ ರೇಟು, ಸುಳಿಕೊಳೆ ರೋಗದ ಮೆಸೇಜುಗಳ ಮಧ್ಯೆ ನಿಮ್ಮ ಪ್ರಶ್ನೆ ಯಾರ ಕಣ್ಣಿಗೂ ಬೀಳದೆ ಮೇಲಕ್ಕೆ ಹೋಗಿಬಿಡ್ತು. ನೀವು ಕೇಳಿದ್ದು ಇಷ್ಟು: ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎಪ್ಪತ್ತು ಮಕ್ಕಳಿದ್ದಾರೆ, ಹಳೇ ವಿದ್ಯಾರ್ಥಿಗಳು ಸೇರಿ ಒಂದಿಷ್ಟು ದುಡ್ಡು ಕೂಡಿಸಿದೀರಿ, ಸಂಜೆ ಹೊತ್ತು ಮಕ್ಕಳಿಗೆ ಏನಾದ್ರೂ ಬೇರೆ ಕಲಿಸಬೇಕು, ಕಂಪ್ಯೂಟರ್ ತರೋದಾ, ಇಂಗ್ಲಿಷಿಗೆ ಒಬ್ಬ ಮೇಷ್ಟ್ರನ್ನ ಇಡೋದಾ ಅಂತ. ಸದ್ಯಕ್ಕೆ ಎರಡೂ ಬೇಡ. ನಮ್ಮೂರ ಶಾಲೆಯಲ್ಲಿ ನಾನು ಶಾಲಾಭಿವೃದ್ಧಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ ಬಂದಾಗಿನಿಂದ ಇಂಥದ್ದೊಂದು ನಡೀತಾ ಇದೆ. ಸುತ್ತಮುತ್ತ ಶುರುವಾಗಿ ನಿಂತುಹೋದವನ್ನೂ ನೋಡಿದೀನಿ. ಏನು ಕಲಿಸಬೇಕು ಅನ್ನೋದಕ್ಕೆ ನಿಂತಿದ್ದು ಒಂದೂ ಇಲ್ಲ. ಬೀಗ ಯಾರು ತೆಗೀತಾರೆ, ಮಗು ಮನೆಗೆ ಯಾರ ಜೊತೆ ಹೋಗುತ್ತೆ, ಹೊಟ್ಟೆಗೆ ಏನು ಅನ್ನೋದಕ್ಕೇ ನಿಂತಿದ್ದು.

ಮೊದಲು ಕಾಗದದ ಕೆಲಸ. ಎಚ್‌ಎಂ (ಮುಖ್ಯ ಮೇಷ್ಟ್ರು) ಬಾಯಿಮಾತಲ್ಲಿ ಹೂಂ ಅಂದರು ಅಂತ ಶುರು ಮಾಡಬೇಡಿ. ನಾಳೆ ವರ್ಗಾವಣೆ ಆಗಿ ಹೊಸಬರು ಬಂದರೆ ಮತ್ತೆ ಮೊದಲಿಂದ. ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಬರೆಸಿ: ಯಾವ ದಿನ, ಎಷ್ಟು ಹೊತ್ತು, ಯಾವ ಕೊಠಡಿ, ಕೀ ಯಾರ ಹತ್ತಿರ, ಜವಾಬ್ದಾರಿ ಯಾರದ್ದು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆ ಸಮಿತಿಯಲ್ಲಿ ಮುಕ್ಕಾಲು ಪಾಲಾದರೂ ಪೋಷಕರೇ ಇರಬೇಕು, ಹಾಗಾಗಿ ಅಲ್ಲಿ ಒಪ್ಪಿಗೆ ಸಿಕ್ಕಿದರೆ ಅರ್ಧ ಊರಿನ ಒಪ್ಪಿಗೆ ಸಿಕ್ಕ ಹಾಗೆ. ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ, ಸುತ್ತಲಿನ ಶಾಲೆಗಳನ್ನ ನೋಡಿಕೊಳ್ಳೋ ಸಿಆರ್‌ಪಿಗೂ ಹೇಳಿಡಿ. ಮಕ್ಕಳ ಹತ್ತಿರ ಒಂದು ರೂಪಾಯಿನೂ ತಗೋಬೇಡಿ. 2009ರ ಅದೇ ಕಾಯ್ದೆಯ 28ನೇ ಕಲಂ ಪ್ರಕಾರ ಶಾಲೆ ಮೇಷ್ಟ್ರು ಖಾಸಗಿ ಟ್ಯೂಷನ್ ಮಾಡೋ ಹಾಗಿಲ್ಲ. ದುಡ್ಡಿನ ವಾಸನೆ ಬಂದರೆ ಮೊದಲ ತೊಂದರೆ ಅವರಿಗೇ.

ಇನ್ನು ಮೇಷ್ಟ್ರುಗಳ ಮೇಲೆ ಈ ಭಾರ ಹಾಕಬೇಡಿ. ನಲಿ-ಕಲಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಕ್ರೀಡಾಕೂಟ, ಪ್ರತಿಭಾ ಕಾರಂಜಿ ಎಲ್ಲ ಮುಗಿಸೋ ಹೊತ್ತಿಗೆ ಅವರ ಊರಿನ ಬಸ್ಸು ಹೊರಟಿರುತ್ತೆ. ನಿಮಗೆ ಬೇಕಿರೋದು ಊರಲ್ಲೇ ಇರೋ, ಹೇಳಿದ ದಿನ ತಪ್ಪದೇ ಬರೋ ಇಬ್ಬರು. ಪದವಿ ಮುಗಿಸಿ ಮನೆಯಲ್ಲಿರೋ ಹೆಣ್ಣುಮಕ್ಕಳು, ಡಿ.ಇಡಿ ಮಾಡಿ ಕೆಲಸಕ್ಕೆ ಕಾಯ್ತಿರೋರು ಪ್ರತಿ ಊರಲ್ಲೂ ಇದ್ದಾರೆ. ತಿಂಗಳಿಗೆ ಇಷ್ಟು ಅಂತ ಗೌರವಧನ ಗೊತ್ತುಮಾಡಿ. ಬಿಟ್ಟಿ ಸೇವೆ ಅಂದರೆ ಶ್ರಾವಣದ ಮದುವೆ ಸೀಸನ್‌ನಲ್ಲಿ ಬೀಗ ಬೀಳುತ್ತೆ. ಯಾವ ಹೊತ್ತಲ್ಲೂ ದೊಡ್ಡವರು ಇಬ್ಬರು ಇರಲೇಬೇಕು, ಒಬ್ಬರಾದರೂ ಹೆಂಗಸಾಗಿರಲಿ. ಒಬ್ಬರೇ ಗಂಡಸು, ಮುಚ್ಚಿದ ಕೊಠಡಿ, ಮಕ್ಕಳು, ಈ ಪರಿಸ್ಥಿತಿ ಬರಲೇಬಾರದು. ಎಷ್ಟು ಒಳ್ಳೆಯವನೇ ಆಗಿರಲಿ. ಮಕ್ಕಳ ಫೋಟೋ ಸ್ಟೇಟಸ್‌ಗೆ ಹಾಕೋ ಚಟವನ್ನೂ ಮೊದಲ ದಿನವೇ ನಿಲ್ಲಿಸಿ.

ದಿನ, ಹೊತ್ತು. ವಾರಕ್ಕೆ ಎರಡೇ ದಿನ ಸಾಕು. ನಾಲ್ಕೂಕಾಲಿಗೆ ಶಾಲೆ ಬಿಟ್ಟರೆ ಐದೂಕಾಲಿಗೆ ಮುಗಿಸಿ. ನವೆಂಬರ್ ಕೊನೆಯಲ್ಲಿ ನಮ್ಮ ಕಡೆ ಆರಕ್ಕೆ ಮುಂಚೆಯೇ ಹೊತ್ತು ಮುಳುಗುತ್ತೆ, ತೋಟದ ಮನೆ ಮಕ್ಕಳು ಎರಡು ಕಿಲೋಮೀಟರ್ ನಡೀಬೇಕು. ಐದೂವರೆ ದಾಟಿದರೆ ಮೊದಲು ಕಾಣೆಯಾಗೋದು ಹೆಣ್ಣುಮಕ್ಕಳು. ಕರು ಬಿಡಬೇಕು, ನೀರು ಹಿಡೀಬೇಕು, ಅಮ್ಮ ಬಯ್ತಾಳೆ ಅಂತಾರೆ. ಶನಿವಾರ ಬೆಳಗಿನ ಶಾಲೆ ಇರೋದರಿಂದ ಅವತ್ತು ಒಂದು ದಿನ ಇಟ್ಟುಕೊಂಡರೆ ಈ ತಾಪತ್ರಯ ಇಲ್ಲ.

ನೀವು ನಾಲ್ಕರಿಂದ ಏಳನೇ ಕ್ಲಾಸಿಗೆ ಮಾತ್ರ ಅಂತ ಬರೆದಿದೀರಿ. ಲೆಕ್ಕಕ್ಕೆ ಸರಿ, ನಡೆಯೋದು ಬೇರೆ. ಆರನೇ ಕ್ಲಾಸಿನ ಹುಡುಗಿ ಉಳಿದರೆ ಅವಳ ಕೈಹಿಡಿದು ಮನೆಗೆ ಹೋಗಬೇಕಾದ ಒಂದನೇ ಕ್ಲಾಸಿನ ತಮ್ಮನೂ ಉಳೀತಾನೆ. ಅವನನ್ನ ಕಳಿಸಿ ಅಂದರೆ ಅಕ್ಕನೂ ಎದ್ದು ಹೋಗ್ತಾಳೆ. ಹಾಗಾಗಿ ಜಗಲಿಯ ಒಂದು ಮೂಲೆ ಆ ಚಿಕ್ಕವರಿಗೆ ಅಂತಲೇ ಬಿಡಿ. ಒಂದು ಬುಟ್ಟಿ ಕೆರೆಮಣ್ಣು, ನೀರು, ಹುಣಸೆಬೀಜ, ಸ್ಲೇಟು. ಯಾರೂ ಏನೂ ಕಲಿಸೋದು ಬೇಡ, ಕಣ್ಣಿಟ್ಟಿದ್ದರೆ ಸಾಕು.

ಹೊಟ್ಟೆ ವಿಷಯ ಯಾರೂ ಯೋಚನೆ ಮಾಡಲ್ಲ. ಮಧ್ಯಾಹ್ನದ ಬಿಸಿಯೂಟ ಸಂಜೆ ಹೊತ್ತಿಗೆ ಕರಗಿರುತ್ತೆ, ಹಸಿದ ಮಗುಗೆ ವಿಜ್ಞಾನವೂ ಬೇಡ, ಹಾಡೂ ಬೇಡ. ಕಡ್ಲೆಪುರಿ, ಹುರಿಗಡಲೆ, ಒಂದು ಚೂರು ಬೆಲ್ಲ. ಇಲ್ಲ ಹೆಸರುಕಾಳಿನ ಉಸ್ಲಿ. ತಲೆಗೆ ಹತ್ತು ರೂಪಾಯಿ ಅಂದರೂ ಮೂವತ್ತು ಮಕ್ಕಳಿಗೆ ತಿಂಗಳಿಗೆ ಎಂಟು ದಿನಕ್ಕೆ 2,400 ರೂಪಾಯಿ. ನೀವು ಕೂಡಿಸಿರೋ ದುಡ್ಡಲ್ಲಿ ಮೊದಲ ಪಾಲು ಇದಕ್ಕೆ ಎತ್ತಿಡಿ. ಶಾಲೆ ಉಗ್ರಾಣದ ಅಕ್ಕಿ, ಬೇಳೆ, ಹಾಲಿನ ಪುಡಿ ಮುಟ್ಟಬೇಡಿ, ಅದಕ್ಕೆಲ್ಲ ಲೆಕ್ಕ ಇದೆ, ಎಚ್‌ಎಂ ಉತ್ತರ ಹೇಳಬೇಕಾಗುತ್ತೆ. ಕಡಲೆಕಾಯಿ ಯಾರಿಗಾದರೂ ಆಗಲ್ವಾ ಅಂತ ಪೋಷಕರ ಒಪ್ಪಿಗೆ ಚೀಟಿಯಲ್ಲೇ ಕೇಳಿಬಿಡಿ.

ಈಗ ಏನು ಮಾಡಿಸೋದು. ಪಾಠದ ಪುಸ್ತಕ ತೆಗೆಸಬೇಡಿ. ತೆಗೆಸಿದ ದಿನ ಅದು ಟ್ಯೂಷನ್, ಓದೋ ಮಕ್ಕಳು ಮಾತ್ರ ಉಳೀತಾರೆ. ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹಿಡಿದದ್ದು ಎರಡು.

ಒಂದು, ಬೆಂಕಿಕಡ್ಡಿ ಮತ್ತೆ ಸೈಕಲ್ ವಾಲ್ವ್ ಟ್ಯೂಬು. ಮಧ್ಯಪ್ರದೇಶದ ಹೊಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದ ಕಾಲದಲ್ಲಿ ಹುಟ್ಟಿದ್ದು, ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸೋ ಅರವಿಂದ ಗುಪ್ತ ಅವರು ದೇಶದ ತುಂಬಾ ಹರಡಿದರು. ಅವರ ವೆಬ್‌ಸೈಟಿನಲ್ಲಿ ಇಂಥ ನೂರಾರು ಆಟಿಕೆ ಮಾಡೋ ವಿಧಾನ ಪುಕ್ಕಟೆ ಸಿಗುತ್ತೆ. ವಾಲ್ವ್ ಟ್ಯೂಬನ್ನ ಒಂದೂವರೆ ಸೆಂಟಿಮೀಟರಿನ ತುಂಡು ಮಾಡಿ, ಕಡ್ಡಿಯ ಮದ್ದು ಕೆರೆದು ಎರಡು ಕಡೆಯಿಂದ ಸಿಕ್ಕಿಸಿದರೆ ಒಂದು ಕೀಲು. ಮೂರನೇ ಕಡ್ಡಿ ಬೇಕಂದರೆ ಟ್ಯೂಬಿನ ನಡುವೆ ಜಾಲಿಮುಳ್ಳಿನಿಂದ ತೂತು ಮಾಡಿ ತೂರಿಸೋದು. ಮೇಣದ ಕಡ್ಡಿ ತರಬೇಡಿ, ಬಗ್ಗಿಹೋಗುತ್ತೆ, ಮರದ್ದೇ ಬೇಕು. ಮದ್ದು ಕೆರೆಯೋ ಕೆಲಸ ದೊಡ್ಡವರದ್ದು. ಮೊದಲು ಒಂದು ಚೌಕ, ಒಂದು ತ್ರಿಕೋನ ಮಾಡಿಸಿ ಬೆರಳಲ್ಲಿ ಒತ್ತಿ ಅನ್ನಿ. ಚೌಕ ವಾಲುತ್ತೆ, ತ್ರಿಕೋನ ಜಪ್ಪಯ್ಯ ಅಂದರೂ ಅಲ್ಲಾಡಲ್ಲ. ಚೌಕ ನಿಲ್ಲಬೇಕಾದರೆ ಏನು ಮಾಡ್ತೀರಿ ಅಂತ ಕೇಳಿ ಸುಮ್ಮನಿರಿ. ಯಾರೋ ಒಬ್ಬರು ಮೂಲೆಯಿಂದ ಮೂಲೆಗೆ ಕಡ್ಡಿ ಹಾಕೋಕೆ ಹೋಗ್ತಾರೆ, ಬೆಂಕಿಕಡ್ಡಿ ಸಾಲಲ್ಲ, ಹೊರಗೆ ಓಡಿಹೋಗಿ ಪೊರಕೆಯಿಂದ ತೆಂಗಿನ ಕಡ್ಡಿ ಮುರಿದು ತರ್ತಾರೆ. ಆಮೇಲೆ ಹೆಂಚಿನ ಮಾಡಿನ ಕೆಳಗೆ ನಿಲ್ಲಿಸಿ ಮೇಲೆ ನೋಡಿಸಿ, ಕರೆಂಟಿನ ದೊಡ್ಡ ಟವರ್ ತೋರಿಸಿ. ವಿವರಣೆ ಬೇಕಾಗಲ್ಲ.

ಇನ್ನೊಂದು ಚೌಕಾಬಾರ. ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ, ನಾಲ್ಕು ಕವಡೆ. ಹಳೇ ಆಟ ಅಂತ ಮೂಗು ಮುರೀಬೇಡಿ. ಆಡಿಸೋದರ ಜೊತೆಗೆ ಪ್ರತಿ ಗುಂಪಿನಲ್ಲೂ ಒಬ್ಬರು ನೂರು ಸಲ ಬಿದ್ದದ್ದನ್ನ ಗೀಟು ಹಾಕ್ತಾ ಹೋಗಲಿ. ಕವಡೆ ಎರಡು ಮಗ್ಗುಲಿಗೂ ಸಮವಾಗಿ ಬೀಳುತ್ತೆ ಅಂದುಕೊಂಡರೆ ನಾಲ್ಕು ಕವಡೆ ಬೀಳೋ ರೀತಿ ಒಟ್ಟು 16. ಅದರಲ್ಲಿ ಎರಡು ಬೀಳೋದು 6 ರೀತಿ, ಚೌಕ (ನಾಲ್ಕು) ಒಂದೇ ರೀತಿ, ಬಾರ (ಎಂಟು) ಒಂದೇ ರೀತಿ. ಆದರೆ ನಿಜವಾದ ಕವಡೆ ಹಾಗೆ ಬೀಳಲ್ಲ. ಒಂದು ಕಡೆ ತೇಯ್ದ ಹುಣಸೆಬೀಜ ಇನ್ನೊಂದು ಥರ ಬೀಳುತ್ತೆ. ಎರಡರ ಗೀಟು ಎಣಿಸಿ ಹೋಲಿಸಿ ಅಂತ ಆರು-ಏಳನೇ ಕ್ಲಾಸಿನವರಿಗೆ ಬಿಟ್ಟರೆ ಜಗಳವೇ ಶುರುವಾಗುತ್ತೆ, ಆ ಜಗಳ ಬಿಡಿಸೋಕೆ ಹೋಗಬೇಡಿ.

ಓದೋಕೆ ಪುಸ್ತಕ ಕೊಳ್ಳೋ ಮೊದಲು ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರಕ್ಕೆ ಹೋಗಿಬನ್ನಿ. 2020ರಲ್ಲಿ ಬಂದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಕಥೆಗಳಿವೆ, ಪ್ರಿಂಟ್ ಹಾಕಿಸಿಕೊಳ್ಳೋಕೆ ಅಡ್ಡಿಯಿಲ್ಲ. ಕೋಲಾಟ, ಭಜನೆ ಮನೆ ತಬಲ ಇವಕ್ಕೆ ಊರಿನವರನ್ನೇ ಕರೀರಿ, ಬರಿಗೈಯಲ್ಲಿ ಕಳಿಸಬೇಡಿ.

ಕೈತೋಟ ಮಾಡಿಸಿ ಅಂತ ಇಲ್ಲಿ ಮೂರು ಜನ ಆಗಲೇ ಬರೆದಿದ್ದಾರೆ, ರೈತರ ಗುಂಪಲ್ಲವಾ. ಮಾಡಿಸಿ, ಆದರೆ ದಸರಾ ರಜೆಯಲ್ಲಿ, ಏಪ್ರಿಲ್-ಮೇನಲ್ಲಿ ನೀರು ಹಾಕೋರು ಯಾರು? ಟೊಮೇಟೊ, ಬದನೆ ಬಿಡಿ. ಕೈತೊಳೆಯೋ ನಲ್ಲಿ ನೀರು ಹರಿಯೋ ಕಡೆ ಬಸಳೆ, ಪಪ್ಪಾಯಿ, ಬೇಲಿ ಪಕ್ಕ ನುಗ್ಗೆ, ಕರಿಬೇವು ಹಾಕಿ. ಸೊಪ್ಪು ಅಡುಗೆಯಮ್ಮನಿಗೆ ಕೊಟ್ಟರೆ ಬಿಸಿಯೂಟದ ಸಾರಿಗೇ ಬರುತ್ತೆ, ಮಕ್ಕಳು ಅವತ್ತು ಎರಡು ಸಲ ಹಾಕಿಸ್ಕೋತಾರೆ. ಅಳೆಯೋದು, ಬರೆದಿಡೋದು, ಬೀಜ ಎತ್ತಿಡೋದು ಮಕ್ಕಳ ಕೆಲಸ. ಗುಂಡಿ ತೋಡೋದು, ಕಳೆ ಕೀಳೋದು ಹಳೇ ವಿದ್ಯಾರ್ಥಿಗಳು ಮಾಡಿ. ಬೆಳೆಗೆ ಹೊಡೆಯೋ ಔಷಧಿ ಡಬ್ಬ ಶಾಲೆ ಗೇಟಿನ ಒಳಗೆ ಬರಬಾರದು.

ಕಂಪ್ಯೂಟರ್ ಬೇಡ ಅಂದಿದ್ದು ಯಾವತ್ತಿಗೂ ಅಲ್ಲ. ಯುಪಿಎಸ್ ಬ್ಯಾಟರಿ, ಕಳ್ಳರ ಕಾಟ, ರಿಪೇರಿಗೆ ಪೇಟೆಗೆ ಹೊತ್ತುಕೊಂಡು ಹೋಗೋದು, ಇದನ್ನೆಲ್ಲ ಹೊರೋ ಇಬ್ಬರು ಗಟ್ಟಿಯಾದ ಮೇಲೆ ತನ್ನಿ.

ಜೂನ್ ದಾಖಲಾತಿ ಗಲಾಟೆಯಲ್ಲಿ ಶುರು ಮಾಡಬೇಡಿ, ಜುಲೈ ಮೊದಲ ವಾರ ಸರಿ. ಒಂದು ತಿಂಗಳು ಆದ ಮೇಲೆ ಬರೋದು ಬಿಟ್ಟ ಮಕ್ಕಳ ಮನೆಗೆ ಒಂದು ಸಲ ಹೋಗಿಬನ್ನಿ, ಕಾರಣ ಅಲ್ಲೇ ಗೊತ್ತಾಗುತ್ತೆ. ನಡಾವಳಿ ಮತ್ತೆ ಪೋಷಕರ ಒಪ್ಪಿಗೆ ಚೀಟಿ ಎರಡೂ ನಮ್ಮ ಹತ್ತಿರ ಟೈಪ್ ಆಗಿವೆ. ಬೇಕಾದರೆ ಹೇಳಿ, ಕಳಿಸ್ತೀನಿ, ಊರ ಹೆಸರು ಬದಲಾಯಿಸಿಕೊಂಡರೆ ಆಯ್ತು.